ಒಂಟಿ ಕೋಡಿನ ಎಮ್ಮೆಯ ಸಾಕ್ಷಿ

ಕುರ್ಲಾ ಸ್ಟೇಷನ್ನಿನಲ್ಲಿ ಇಳಿದು ಪಿಂಟೋ ಚಾಳು ಎಲ್ಲಿ ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಗೊತ್ತಿಲ್ಲವೆಂದು ಕೈಯಾಡಿಸಿ ಹೋಗುತ್ತಿದ್ದರು. ಮಲ್ಲವ್ವನ ಖಾನಾವಳಿ ಎಲ್ಲಿ ಎಂದರೆ ಮಾತ್ರ ಟಾಂಗಾದವನು ಕೂಡ ಚಾವಟಿಯ ತುದಿಯಿಂದ ದಾರಿ ತೋರಿಸುತ್ತಿದ್ದ. ಚಾಳಿನ ಕೆಳಗಿನ ಮೂಲೆಯಲ್ಲಿ ಎರಡು ಖೋಲಿ. ಒಂದರಲ್ಲಿ ಒಲೆ, ಇನ್ನೊಂದರಲ್ಲಿ ಊಟದ ಸಾಲು. ಬೆಳಿಗ್ಗೆ ಹತ್ತಕ್ಕೆ ಶುರುವಾದ ರೊಟ್ಟಿ ತಟ್ಟುವ ಸಪ್ಪಳ ಮಧ್ಯಾಹ್ನ ಎರಡಾದರೂ ನಿಲ್ಲುತ್ತಿರಲಿಲ್ಲ. ವಿಜಾಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಬಂದು ಗಿರಣಿಯಲ್ಲೋ ರೈಲ್ವೆಯಲ್ಲೋ ದುಡಿಯುವ ಮೂವತ್ತು ಮಂದಿಗೆ ಅವಳ ಕೈಯ ರೊಟ್ಟಿಯೇ ಊರು. ಯಾರಿಗಾದರೂ ಜ್ವರ ಬಂದರೆ ಕೇಳದೆ ಗಂಜಿ ಕಾಸಿ ಕೊಡುತ್ತಿದ್ದಳು, ಕೊಡುವಾಗ ಕೇಳದೆ ನಾಲ್ಕು ಬೈಗುಳವನ್ನೂ ಬಡಿಸುತ್ತಿದ್ದಳು. ಗಂಡ ಶೆಟ್ಟೆಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಮಾತು ಕಡಿಮೆ, ನಗು ಹೆಚ್ಚು. ಇಬ್ಬರು ಹೆಣ್ಣುಮಕ್ಕಳ ಮದುವೆ ಮುಗಿದಿತ್ತು. ಒಟ್ಟಿನಲ್ಲಿ ಉಂಡುಟ್ಟು ಸುಖವಾಗಿದ್ದ ಸಂಸಾರ.

ಮಲ್ಲವ್ವನ ಇನ್ನೊಂದು ಖ್ಯಾತಿ ಎಂದರೆ ಒಡಪು. ಆ ಕಡೆಯ ಹೆಂಗಸರು ಗಂಡನ ಹೆಸರನ್ನು ಬರಿದಾಗಿ ಬಾಯಲ್ಲಿ ತರುವುದಿಲ್ಲ. ಹೇಳಲೇಬೇಕಾಗಿ ಬಂದರೆ ಪ್ರಾಸ ಕಟ್ಟಿ, ಎರಡು ಸಾಲಿನ ನಡುವೆ ಆ ಹೆಸರನ್ನು ಹೂವಿನ ಹಾಗೆ ಮುಡಿಸಿ ಹೇಳಬೇಕು, ಅದೇ ಒಡಪು. ಹೊಸ ಸೊಸೆ ಮನೆ ಹೊಗುವ ದಿನ ನಾದಿನಿಯರು ಬಾಗಿಲಿಗೆ ಅಡ್ಡ ನಿಂತು, 'ನಮ್ಮ ಅಣ್ಣನ ಹೆಸರು ಹೇಳು, ಒಳಗ ಬಾ' ಎಂದು ಹಟ ಹಿಡಿಯುತ್ತಾರೆ. ಒಡಪು ಬರದವಳು ಹೊಸ್ತಿಲಲ್ಲೇ ನಿಂತು ಬೆವರಬೇಕು. ಚಾಳಿನಲ್ಲಿ ಬಸುರಿಯ ಕುಬುಸವಿರಲಿ, ಕೂಸಿನ ತೊಟ್ಟಿಲಿರಲಿ, ಮಲ್ಲವ್ವ ಬಂದಳೆಂದರೆ ಮರಾಠಿ ಹೆಂಗಸರೂ ಕೆಲಸ ಬಿಟ್ಟು ಬಂದು ಕೂರುತ್ತಿದ್ದರು. ಒಂದಾದ ಮೇಲೊಂದು ಇಪ್ಪತ್ತು ಒಡಪು ಹೇಳುವಳು. ಒಂದನ್ನು ಮಾತ್ರ ಮುಂಬಯಿಗೆ ಬಂದ ಮೇಲೆ ಅವಳು ಯಾರ ಮುಂದೆಯೂ ಹೇಳಿರಲಿಲ್ಲ, ಅದು ಅವಳ ಅವ್ವನದು. ಅದರಲ್ಲಿ ತವರಿನ ಒಂಟಿ ಕೋಡಿನ ಎಮ್ಮೆಯೊಂದು ಬರುತ್ತಿತ್ತು. ಊರಿನ ಜನ ಆ ಎಮ್ಮೆಯನ್ನು ನೋಡಿ ನಗುತ್ತಿದ್ದರು, ಅವ್ವ ಮಾತ್ರ ಅದನ್ನು ಒಡಪಿನೊಳಗೆ ತಂದು ಮೆರೆಸಿದ್ದಳು. ಆ ಎಮ್ಮೆಯನ್ನು ಕಾಣದ ಈ ಊರಿನವರಿಗೆ ಅದನ್ನು ಹೇಳಿ ಏನು ಪ್ರಯೋಜನ ಎಂದು ಮಲ್ಲವ್ವ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಶೆಟ್ಟೆಪ್ಪನಿಗೂ ಅದು ಗೊತ್ತಿರಲಿಲ್ಲ.

ಹೀಗಿರುವಾಗ ೧೯೫೫ರ ಸಂಕ್ರಾಂತಿ ಕಳೆದ ವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಐವತ್ತೈದರ ಆಸುಪಾಸು. ನೆಟ್ಟಗಿನ ಮೈ, ಚಪ್ಪಟೆ ಮುಖ, ಕೆನ್ನೆಗೆ ಗಂಧದಂಥ ಲೇಪ. ಸೊಂಟಕ್ಕೆ ಹಸಿರು ಲುಂಗಿ, ಮೇಲೆ ಬಿಳಿ ರವಿಕೆ, ತುರುಬಿನಲ್ಲಿ ಹೂವು. ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆ.

"ಯಾರ್ರಿ ನೀವು? ಯಾರ ಬೇಕ್ರಿ?" ಎಂದಳು ಮಲ್ಲವ್ವ, ಹಿಟ್ಟಿನ ಕೈಯಲ್ಲೇ.

"ಮಲ್ಲವ್ವ ಬೇಕು," ಎಂದಳು ಆ ಹೆಂಗಸು, ತಡವರಿಸುವ ಆದರೆ ಅಪ್ಪಟ ವಿಜಾಪುರದ ಕನ್ನಡದಲ್ಲಿ. "ನಾ ರಂಗೂನಿಂದ ಬಂದೇನಿ. ನಾ ಪರಪ್ಪನ ಹೆಂಡತಿ."

ಮಲ್ಲವ್ವ ಬಾಗಿಲು ಹಾಕಿಬಿಟ್ಟಳು.

ಹಾಕಿದ್ದಕ್ಕೆ ಅವಳ ಲೆಕ್ಕದಲ್ಲಿ ಕಾರಣವಿತ್ತು. ಅಣ್ಣ ಪರಪ್ಪ ಅವಳಿಗೆ ಎಂಟು ವರ್ಷವಿದ್ದಾಗ ರಂಗೂನಿಗೆ ಹೋದವನು, ಅಲ್ಲಿನ ಆಸ್ಪತ್ರೆಯಲ್ಲಿ ಕಂಪೌಂಡರ್ ಆದ ಎಂಬಷ್ಟು ಸುದ್ದಿ ಇತ್ತು. ಅವ್ವ ತೀರಿಕೊಂಡಾಗ ಅವನು ಬರಲಿಲ್ಲ. ಅದರ ಮೇಲೆ ಬಂದ ಕಾಗದಗಳನ್ನು ಅಪ್ಪ ಒಡೆಯದೆಯೇ ಒಲೆಗೆ ಹಾಕಿದ. ಯುದ್ಧ ಮುಗಿದ ಮೇಲೆ ಬರ್ಮಾದಿಂದ ಮರಳಿದ ಸಿಪಾಯಿಯೊಬ್ಬ ಪರಪ್ಪ ಸತ್ತ ಸುದ್ದಿ ತಂದಿದ್ದ. ಹೆಂಡತಿಯ ಸುದ್ದಿ ಯಾರೂ ತಂದಿರಲಿಲ್ಲ. ಇರಲಿ, ಪರದೇಶಕ್ಕೆ ಹೋದವನು ಮದುವೆಯಾದನೆಂದೇ ಇಟ್ಟುಕೊಳ್ಳೋಣ. ಆದರೆ ಗಂಡನ ಹೆಸರನ್ನು ಸಂತೆಯಲ್ಲಿ ಬದನೆಕಾಯಿ ಕೂಗಿದ ಹಾಗೆ ಕೂಗುವವಳು ತಮ್ಮ ಮನೆಯ ಸೊಸೆ ಹೇಗಾದಾಳು? ಮೇಲೆ ಪರಪ್ಪ ಸತ್ತು ವರ್ಷಗಳಾದವು, ಇವಳ ತಲೆಯಲ್ಲಿ ಹೂವು ಬೇರೆ! ಇವಳು ಯಾರೋ ಪರಪ್ಪನನ್ನು ಬಲ್ಲವಳು, ಸೊಸೆ ಮಾತ್ರ ಅಲ್ಲ ಎಂದು ಮಲ್ಲವ್ವ ಒಂದೇ ಏಟಿಗೆ ತೀರ್ಪು ಕೊಟ್ಟಳು. ಬರ್ಮಾದ ಹೆಂಗಸರು ಗಂಡನ ಹೆಸರನ್ನು ಲೀಲಾಜಾಲವಾಗಿ ಹೇಳುತ್ತಾರೆ, ಗಂಡ ಸತ್ತರೂ ಹೂವು ಮುಡಿಯುತ್ತಾರೆ ಎಂದು ಪಿಂಟೋ ಚಾಳಿನಲ್ಲಿ ಕೂತವಳಿಗೆ ಹೇಳುವವರಾದರೂ ಯಾರು?

ಆ ಹೆಂಗಸು ಜಗಳವಾಡಲಿಲ್ಲ, ಅಳಲೂ ಇಲ್ಲ. ಮಾರನೆಯ ದಿನ ಊಟದ ಹೊತ್ತಿಗೆ ಬಂದು, ಗಿರಾಕಿಗಳ ಸಾಲಿನ ತುದಿಯಲ್ಲಿ ಕೂತು, ಊಟದ ಚಿಲ್ಲರೆ ಇಟ್ಟಳು. ದುಡ್ಡು ಇಟ್ಟವರಿಗೆ ಅನ್ನವಿಲ್ಲ ಎನ್ನುವುದು ಖಾನಾವಳಿಯ ಧರ್ಮವಲ್ಲ. ಮಲ್ಲವ್ವ ಮುಖ ಗಂಟಿಕ್ಕಿಕೊಂಡು ಬಡಿಸಿದಳು. ಹೆಂಗಸು ರೊಟ್ಟಿಯನ್ನು ಒಂದೇ ಕೈಯಲ್ಲಿ ಮುರಿದು, "ಗುರೆಳ್ಳ ಚಟ್ನಿ ಐತೇನು?" ಎಂದು ಕೇಳಿದಳು. ಊಟದ ಸಾಲೆಲ್ಲ ಕತ್ತೆತ್ತಿ ನೋಡಿತು.

"ನೋಡಿದೇನ," ಎಂದ ಶೆಟ್ಟೆಪ್ಪ ಅವತ್ತು ಸಂಜೆ. "ನಿಮ್ಮಣ್ಣನ ಕೈಯಾಗ ಪಳಗಿದಾಕಿನ ಇರಬೇಕು."

"ರಂಗೂನಿನಾಗ ನಮ್ಮ ಕಡಿ ಮಂದಿ ಏನ್ ಕಡಿಮಿ ಇದ್ದರೇನ್ರಿ? ಯಾರರ ಚಟ್ನಿ ತಿನಿಸಿರತಾರ," ಎಂದಳು ಮಲ್ಲವ್ವ.

ಹೆಸರು ಮಾ ಖಿನ್. ಮೂವತ್ತು ವರ್ಷ ರಂಗೂನಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ರಿಟೈರ್ ಆದವಳು. ಕೆಲಸಕ್ಕೆ ಸೇರಿದ ವರ್ಷವೇ ಅಲ್ಲಿನ ಕಂಪೌಂಡರ್ ಪರಪ್ಪನನ್ನು ಮದುವೆಯಾಗಿದ್ದಳಂತೆ. ಮಕ್ಕಳಿಲ್ಲ. ಮದುವೆಯ ಕಾಗದವಿಲ್ಲ, ಅಲ್ಲಿ ಅಂಥದ್ದೆಲ್ಲ ಮಾಡುವುದಿಲ್ಲವಂತೆ, ನಾಲ್ಕು ಹಿರಿಯರ ಮುಂದೆ ಒಂದೇ ಬಟ್ಟಲಿನಲ್ಲಿ ಉಂಡರೆ ಮದುವೆಯಾದ ಹಾಗೆ. ಇದ್ದ ಒಂದು ಫೋಟೋ ಬಾಂಬು ಬಿದ್ದ ದಿನ ಮನೆಯ ಜೊತೆ ಸುಟ್ಟುಹೋಗಿತ್ತು. ಪರಪ್ಪನ ಊರಿನ ಪೋಸ್ಟ್ ಮಾಸ್ತರರಿಗೆ ಕಾಗದ ಹಾಕಿ ಕುರ್ಲಾದ ವಿಳಾಸ ತರಿಸಿಕೊಂಡಿದ್ದಳು. ಇದನ್ನೆಲ್ಲ ಅವಳು ಕೇಳಿದವರಿಗೆ ಹೇಳಿದಳು. ಮಲ್ಲವ್ವ ಕೇಳಲಿಲ್ಲ, ಆದರೆ ರೊಟ್ಟಿ ಬೇಯಿಸುತ್ತ ಒಂದಕ್ಷರ ಬಿಡದೆ ಕೇಳಿಸಿಕೊಂಡಳು.

ಎರಡು ವಾರ ಕಳೆದ ಮೇಲೆ ಗಿರಣಿಯ ಮುರಿಗೆಪ್ಪ ಎನ್ನುವವನು ಯಂತ್ರಕ್ಕೆ ಸಿಕ್ಕು ಕೀವಾದ ಕೈಯನ್ನು ಬಟ್ಟೆ ಸುತ್ತಿಕೊಂಡು ಊಟಕ್ಕೆ ಬಂದ. ಮಾ ಖಿನ್ ಅರ್ಧ ಊಟದಲ್ಲೇ ಎದ್ದು, ಬಿಸಿನೀರು ತರಿಸಿ, ಕೀವು ತೆಗೆದು, ಔಷಧ ಹಚ್ಚಿ ಕಟ್ಟಿದಳು. ಹತ್ತು ದಿನದಲ್ಲಿ ಕೈ ವಾಸಿಯಾಯಿತು. ಆಮೇಲೆ ಚಾಳಿನಲ್ಲಿ ಯಾರಿಗೆ ಏನಾದರೂ ನರ್ಸಬಾಯಿ ಬೇಕಾಯಿತು. ದೂರದ ಲಾಡ್ಜಿನಿಂದ ದಿನಾ ಲೋಕಲ್ ಹಿಡಿದು ಬರುವ ಅವಳಿಗೆ ಮಲ್ಲವ್ವ ಒಂದು ದಿನ, "ಆ ಲಾಡ್ಜಿನವಗ ಯಾಕ ದುಡ್ಡು ಸುರೀತಿ? ಅಟ್ಟದ ಮ್ಯಾಲ ಜಾಗಾ ಐತಿ, ಬಂದು ಬಿದ್ದಕೋ," ಎಂದಳು. ಹೇಳಿದ್ದು ಬಾಡಿಗೆಯವಳಿಗೆ ಹೇಳಿದ ಹಾಗೆ, ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಹೇಳಿದ ಹಾಗಲ್ಲ. ಕರೆಯುವಾಗಲೂ ನರ್ಸಬಾಯಿ ಎಂದೇ ಕರೆಯುತ್ತಿದ್ದಳು.

ಬಾಡಿಗೆಯವಳೋ ಮತ್ತೊಬ್ಬಳೋ, ದಿನ ಕಳೆದ ಹಾಗೆ ಮಲ್ಲವ್ವನಿಗೆ ಅವಳಿಲ್ಲದೆ ಸಂಜೆ ಕಳೆಯದಾಯಿತು. ಬೇಳೆ ಆರಿಸುತ್ತ ಇಬ್ಬರೂ ಮಾತಿಲ್ಲದೆ ಕೂರುವರು. ಮಲ್ಲವ್ವನ ಸೊಂಟ ಹಿಡಿದರೆ ಮಾ ಖಿನ್ ಎಣ್ಣೆ ಹಚ್ಚಿ ತಿಕ್ಕುವಳು. ಇಪ್ಪತ್ತು ವರ್ಷದಿಂದ ಊರಿಗೆಲ್ಲ ಬಡಿಸಿದವಳಿಗೆ, 'ನೀ ಉಂಡೇನು?' ಎಂದು ಕೇಳುವ ಜೀವ ಮೊದಲ ಸಲ ಸಿಕ್ಕಿತ್ತು. ಅದು ಹಿತವಾಗಿತ್ತು, ಬಾಯಿಬಿಟ್ಟು ಹೇಳಲು ಮಾತ್ರ ಮಲ್ಲವ್ವನ ಜಂಬ ಬಿಡುತ್ತಿರಲಿಲ್ಲ.

ಮೇ ತಿಂಗಳಲ್ಲಿ ತೊಡಕು ಬಂತು. ಬರ್ಮಾ ಈಗ ಬೇರೆ ದೇಶ. ಮಾ ಖಿನ್ ಪರದೇಶಿಯಾಗಿ ಪೊಲೀಸ್ ಕಚೇರಿಯಲ್ಲಿ ಹೆಸರು ಬರೆಸಿದ್ದಳು. ಇನ್ನೂ ಒಂದು ವರ್ಷ ಇರಬೇಕಾದರೆ ತನ್ನ ಪೆನ್ಶನ್ ಇಲ್ಲಿಗೇ ಬರುತ್ತದೆ ಎಂದು ತಿಂಗಳ ಕೊನೆಯೊಳಗೆ ಬ್ಯಾಂಕಿನ ಕಾಗದ ತೋರಿಸಬೇಕು, ಇಲ್ಲವಾದರೆ ಹಡಗು ಹತ್ತಬೇಕು. ಪೆನ್ಶನ್ ಬರಬೇಕಾದರೆ ಇಲ್ಲಿ ಖಾತೆ ಬೇಕು. ಅವಳು ಫೋರ್ಟಿನಲ್ಲಿ ಮೂರು ಬ್ಯಾಂಕಿನ ಮೆಟ್ಟಿಲು ಹತ್ತಿ ಇಳಿದಳು. ಪಾಸ್‌ಪೋರ್ಟ್ ಇತ್ತು, ಪೆನ್ಶನ್ನಿನ ಹುಕುಂ ಇತ್ತು, ಮೂವತ್ತು ವರ್ಷದ ಸೇವೆಯ ಸರ್ಟಿಫಿಕೇಟು ಇತ್ತು. ಎಲ್ಲರೂ ಕೇಳಿದ್ದು ಇನ್ನೊಂದನ್ನು: ನಮ್ಮ ಬ್ಯಾಂಕಿನಲ್ಲಿ ಖಾತೆ ಇರುವವರು ಯಾರಾದರೂ ನಿಮ್ಮನ್ನು ಬಲ್ಲೆನೆಂದು ಬರೆದುಕೊಡಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ಈ ಮಹಾನಗರದಲ್ಲಿ ಖಾತೆ ಇದ್ದವರ ಪೈಕಿ ಅವಳಿಗೆ ಗೊತ್ತಿದ್ದದ್ದು ಒಬ್ಬಳೇ, ಮಲ್ಲವ್ವ.

ಹೌದು, ಮಲ್ಲವ್ವನಿಗೆ ಖಾತೆಯಿತ್ತು. ಹಿಂದೆ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟ ನೋಟುಗಳನ್ನು ಇಲಿ ಕಡಿದು ಹಾಕಿದ ಮೇಲೆ ಅವಳು ಸ್ಟೇಷನ್ ರಸ್ತೆಯಲ್ಲಿ ಕರಾವಳಿಯವರು ತೆರೆದ ಸಣ್ಣ ಬ್ಯಾಂಕಿಗೆ ಹೋಗಿ ಹೆಬ್ಬೆಟ್ಟು ಒತ್ತಿದ್ದಳು. ಬಲ ಮಣಿಕಟ್ಟಿನಲ್ಲಿ ಹಂಚಿನಿಂದ ಸುಟ್ಟ ಕಲೆ ಎಂದು ಗುರುತನ್ನೂ ಬರೆಸಿಕೊಂಡಿದ್ದರು. ಹೆಬ್ಬೆಟ್ಟಿನವರು ಬಂದಾಗಲೆಲ್ಲ ಕಲೆ ನೋಡಿ, ಹೆಸರು, ಗಂಡನ ಹೆಸರು ಕೇಳುವುದು ಅಲ್ಲಿನ ರೂಢಿ. ಅದಕ್ಕೆಂದೇ ಶೆಟ್ಟೆಪ್ಪ ಪ್ರತಿಸಲ ಜೊತೆಗೆ ಹೋಗಿ, ಹೆಂಡತಿಯ ಗಂಡನ ಹೆಸರನ್ನು ತಾನೇ ಹೇಳಿ ಬರುತ್ತಿದ್ದ.

ಒಂದು ಸಂಜೆ ಬೇಳೆ ಆರಿಸುತ್ತಿದ್ದಾಗ ಮಾ ಖಿನ್ ಕೇಳಿದಳು, "ಮಲ್ಲವ್ವ, ನನ್ನ ಸಲುವಾಗಿ ಒಂದ ಹೆಬ್ಬೆಟ್ಟ ಒತ್ತತೀಯೇನು?"

ಪಕ್ಕದ ಖೋಲಿಯ ಅಂಬವ್ವ ಬಾಗಿಲಲ್ಲೇ ಇದ್ದಳು. ಅವಳ ಗಂಡ ಯಾರಿಗೋ ಜಾಮೀನು ನಿಂತು ಕೈ ಸುಟ್ಟುಕೊಂಡವನು. "ಹೆಬ್ಬೆಟ್ಟ ಒತ್ತೂ ಮುಂದ ಕಣ್ಣ ತೆರಕೊಂಡು ಒತ್ತು ಯವ್ವಾ," ಎಂದು ಹಾಡಿನ ಹಾಗೆ ಎಳೆದು ಹೇಳಿ ಹೋದಳು. ಮಲ್ಲವ್ವನಿಗೆ ದುಡ್ಡಿನ ಹೆದರಿಕೆ ಇರಲಿಲ್ಲ. ಹೆದರಿಕೆ ಇದ್ದದ್ದು ಸುಳ್ಳಿನದು. ಅಕ್ಷರ ಬಾರದವಳಿಗೆ ಹೆಬ್ಬೆಟ್ಟೇ ಮಾತು. ಅದನ್ನು ಒತ್ತಿ ಗೊತ್ತಿಲ್ಲದ್ದನ್ನು ಗೊತ್ತು ಎಂದರೆ ಆಮೇಲೆ ಆ ಹೆಬ್ಬೆರಳಿಗೆ ಏನು ಬೆಲೆ? ಆದರೂ, "ಬರತೀನಿ ನಡಿ," ಎಂದಳು.

ಮಾರನೆಯ ದಿನ ಶೆಟ್ಟೆಪ್ಪನಿಗೆ ವರ್ಕ್‌ಶಾಪಿನಲ್ಲಿ ರಜೆ ಸಿಗಲಿಲ್ಲ. ಹೆಂಗಸರಿಬ್ಬರೇ ಹೊರಟರು. ಮಲ್ಲವ್ವ ಇಳಕಲ್ಲಿನ ಸೀರೆ ಉಟ್ಟಿದ್ದಳು, ಮಾ ಖಿನ್ ಹೆಗಲ ಮೇಲೆ ತೆಳುವಾದ ಬಿಳಿ ಶಾಲು ಹಾಕಿಕೊಂಡಿದ್ದಳು. ಊಟದ ಹೊತ್ತಿಗೆ ಮರಳಬೇಕೆಂದು ಮಲ್ಲವ್ವ ಬೆಳಿಗ್ಗೆ ಬೇಗ ಎದ್ದು ರೊಟ್ಟಿಯ ಬುಟ್ಟಿ ತುಂಬಿಸಿಟ್ಟಿದ್ದಳು.

ಬ್ಯಾಂಕಿನ ಕಟಕಟೆಯ ಹಿಂದೆ ಪೆಡ್ನೇಕರ್ ಎಂಬ ಹೊಸ ಗುಮಾಸ್ತ ಕೂತಿದ್ದ. ಕಲೆ ನೋಡಿದ, ಹೆಸರು ಕೇಳಿದ. "ಬಾಯಿ, ಗಂಡನ ಹೆಸರು?" ಎಂದ.

ಮಲ್ಲವ್ವ ಸೆರಗು ಎಳೆದುಕೊಂಡು, ಶೆಟ್ಟೆಪ್ಪ ನಿಲ್ಲುತ್ತಿದ್ದ ಪಕ್ಕಕ್ಕೆ ನೋಡಿದಳು.

"ನಾವ್ ಸಾಂಗಾ, ಬಾಯಿ. ಹೆಸರು ಹೇಳಿ. ಹೇಳದೆ ಕೆಲಸ ಆಗೋದಿಲ್ಲ."

ಹಿಂದೆ ಸಾಲು ಬೆಳೆಯುತ್ತಿತ್ತು. ಮಾ ಖಿನ್ ಏನೂ ತಿಳಿಯದೆ ಅವಳ ಮುಖ ನೋಡಿದಳು. ಒಂದು ಹೆಸರು ಹೇಳಲು ಇಷ್ಟು ಕಷ್ಟವೇ? ಮಲ್ಲವ್ವನಿಗೆ ಬೆವರು ಕಿತ್ತುಬಂತು. ಗಂಡಸರು ತುಂಬಿದ ಬ್ಯಾಂಕು, ಇದೇನು ಕುಬುಸದ ಮನೆಯೇ? ಆದರೆ ಬಂದ ಕೆಲಸ ಬಿಟ್ಟು ಹೋಗುವ ಜಾತಿ ಅವಳದಲ್ಲ. ತಲೆಯ ತುಂಬ ಸೆರಗು ಹೊದ್ದು, ಕಟಕಟೆ ಹಿಡಿದು, ರಾಗವಾಗಿ ಹೇಳಿಯೇಬಿಟ್ಟಳು:

"ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ,
ಶೆಟ್ಟೆಪ್ಪನವರ ಕೈ ಹಿಡದ ಮ್ಯಾಲ ಬಂತು ನನಗ ಬುದ್ಧಿ!"

"ಅರೇ, ಉಖಾಣಾ!" ಎಂದು ಪೆಡ್ನೇಕರ್ ಕುರ್ಚಿಯಿಂದ ಅರ್ಧ ಎದ್ದ. ಅವನ ಅವ್ವನೂ ಅದನ್ನೇ ಮರಾಠಿಯಲ್ಲಿ ಹೇಳುವವಳು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು. ಮಾ ಖಿನ್ ಮಾತ್ರ ನಗಲಿಲ್ಲ. ಏನನ್ನೋ ಥಟ್ಟನೆ ಗುರುತು ಹಿಡಿದವಳಂತೆ ಮಲ್ಲವ್ವನನ್ನೇ ದಿಟ್ಟಿಸುತ್ತ ನಿಂತಳು.

ಗದ್ದಲ ಕೇಳಿ ಏಜೆಂಟರು ಇಬ್ಬರನ್ನೂ ಒಳಗೆ ಕರೆಸಿದರು. ಆಗ ಶಾಖೆಯ ಯಜಮಾನರಿಗೆ ಏಜೆಂಟ್ ಎನ್ನುತ್ತಿದ್ದರು. ಇವರು ಉಡುಪಿ ಕಡೆಯ ಪಾಂಗಾಳ ನಾಯಕರು. ಮೆದು ಮಾತು, ಗಟ್ಟಿ ಕಾನೂನು. ಮಾ ಖಿನ್‌ಳ ಕಾಗದಗಳನ್ನು ಒಂದೊಂದಾಗಿ ತಿರುವಿ ಹಾಕಿದರು.

"ಕಾಗದವೆಲ್ಲ ಸರಿ ಉಂಟು. ರಂಗೂನಿನ ಹಣ ಫೋರ್ಟಿನ ದೊಡ್ಡ ಬ್ಯಾಂಕಿಗೆ ಬಂದು, ಅಲ್ಲಿಂದ ನಮಗೆ ಬರ್ತದೆ. ಅದು ದೊಡ್ಡ ಸಂಗತಿ ಅಲ್ಲ. ಮಲ್ಲವ್ವ, ಇವರ ಪರಿಚಯ ನಿಮಗೆ ಎಷ್ಟು ಸಮಯದಿಂದ?"

"ನಾಕ ತಿಂಗಳಾತ್ರಿ."

ನಾಯಕರು ಕನ್ನಡಕ ತೆಗೆದರು. "ನಾಲ್ಕು ತಿಂಗಳು ಸಾಲುವುದಿಲ್ಲ ಅಮ್ಮ. ಪರದೇಶದವರಿಗೆ ಖಾತೆ ಕೊಡಬೇಕಾದರೆ ಒಂದು ವರ್ಷದ ಪರಿಚಯವಾದರೂ ಬೇಕು ಅಂತ ನಮ್ಮ ಹೆಡ್ ಆಫೀಸಿನ ಕಟ್ಟಳೆ ಉಂಟು. ಸಂಬಂಧಿಕರಾದರೆ ಬೇರೆ ಮಾತು. ಇವರು ನಿಮಗೆ ಸಂಬಂಧವಾ?"

ಹೌದು ಎಂಬ ಒಂದು ಮಾತು ಸಾಕಿತ್ತು. ಅಷ್ಟು ಹೇಳಿದರೆ ಮಾ ಖಿನ್ ಅಟ್ಟದ ಮೇಲೆ ಉಳಿಯುತ್ತಿದ್ದಳು, ಸಂಜೆಯ ಬೇಳೆ ಇಬ್ಬರ ಕೈಯಲ್ಲಿ ಹಸನಾಗುತ್ತಿತ್ತು. ಮಲ್ಲವ್ವ ಬಾಯಿ ತೆರೆದಳು. ನಾಲಿಗೆ ಮಾತ್ರ ಅವಳದು, ಹುಟ್ಟಿದಂದಿನಿಂದ ನೆಟ್ಟಗೆ ನಡೆದದ್ದು.

"ಸಂಬಂಧ ಅಂತ ಆಕಿ ಅಂತಾಳ್ರಿ," ಎಂದಳು. "ನಾ ಕಂಡಿಲ್ಲ, ಕೇಳಿಲ್ಲ. ನನಗ ಗೊತ್ತಿಲ್ರಿ."

ಮಾತು ಬಿದ್ದ ಕೂಡಲೇ ಅವಳಿಗೆ ನಾಲಿಗೆ ಕಚ್ಚಿಕೊಳ್ಳುವಷ್ಟು ಸಂಕಟವಾಯಿತು. ಮಾ ಖಿನ್ ಅವಳತ್ತ ನೋಡಲಿಲ್ಲ, ಮೇಜಿನ ಮೇಲಿದ್ದ ತನ್ನ ಕಾಗದಗಳನ್ನು ನೋಡುತ್ತಿದ್ದಳು. ನಾಯಕರು ಪೆನ್ನಿಗೆ ಟೋಪಿ ಹಾಕಿದರು. ಆದರೂ ಒಳ್ಳೆಯ ಮನುಷ್ಯ. ಬಂದವರನ್ನು ಒಂದೂ ಪ್ರಶ್ನೆ ಕೇಳದೆ ಕಳಿಸಬಾರದೆಂದು, "ನಿಮ್ಮ ಪಾಸ್‌ಪೋರ್ಟಿನಲ್ಲಿ ಯಜಮಾನರ ಹೆಸರೇ ಇಲ್ಲವಲ್ಲ. ಅವರ ಹೆಸರು ಎಂತದು?" ಎಂದು ಕೇಳಿದರು.

ಮಾ ಖಿನ್ ಎದ್ದು ನಿಂತಳು. ಮೊದಲ ದಿನ ಬಾಗಿಲಲ್ಲಿ ನಿಂತು ಸರಾಗವಾಗಿ ಹೇಳಿದ ಆ ಹೆಸರನ್ನು ಈಗ ಹೇಳಲಿಲ್ಲ. ಹೆಗಲ ಶಾಲನ್ನು ಮಲ್ಲವ್ವನ ಸೆರಗಿನ ಹಾಗೆಯೇ ತಲೆಯ ಮೇಲೆ ಎಳೆದುಕೊಂಡಳು. ಗಂಟಲು ಸರಿ ಮಾಡಿಕೊಂಡು, ಶಾಲೆಯ ಪಾಠ ಒಪ್ಪಿಸುವ ಹುಡುಗಿಯಂತೆ ಹೇಳಿದಳು:

"ಒಂಟಿ ಕೋಡಿನ ಎಮ್ಮಿಗಿ ಬೆಳ್ಳಿ ಗಂಟಿ ಕಟ್ಟೇನಿ,
ಪರಪ್ಪನವರ ಮನಿ ಹೊಸಲಿಗಿ ಬಲಗಾಲ ಇಟ್ಟೇನಿ."

ಮಲ್ಲವ್ವ ಕುರ್ಚಿಯ ತೋಳು ಹಿಡಿದಳು. ಅದು ಅವ್ವನ ಒಡಪು. ಅವ್ವ ಅಪ್ಪನ ಹೆಸರು ಮುಡಿಸುತ್ತಿದ್ದ ಜಾಗದಲ್ಲಿ ಅಣ್ಣನ ಹೆಸರಿತ್ತು, ಅಷ್ಟೇ ಬದಲು. ಆ ಎಮ್ಮೆಗೆ ಬೆಳ್ಳಿ ಗಂಟೆಯನ್ನು ಯಾರೂ ಎಂದೂ ಕಟ್ಟಿರಲಿಲ್ಲ, ಅದು ನಕ್ಕವರ ಬಾಯಿ ಮುಚ್ಚಿಸಲು ಅವ್ವ ಕಟ್ಟಿದ ಗಂಟೆ. ರಂಗೂನಿನಲ್ಲಿ ಇದ್ದ ಸಾವಿರ ಮಂದಿ ಕನ್ನಡಿಗರಲ್ಲಿ ಈ ಎಮ್ಮೆಯನ್ನು ಬಲ್ಲವನು ಒಬ್ಬನೇ. ಅವನೂ ಇದನ್ನು ಬೀದಿಯಲ್ಲಿ ಹೋಗುವವರಿಗೆಲ್ಲ ಕಲಿಸುವವನಲ್ಲ.

ಮಲ್ಲವ್ವ ಅಳಲು ಶುರು ಮಾಡಿದಳು. ಮೂವತ್ತು ಮಂದಿಯನ್ನು ಬಾಯಲ್ಲೇ ಹದ್ದುಬಸ್ತಿನಲ್ಲಿ ಇಡುವ ಹೆಂಗಸು ಏಜೆಂಟರ ಮುಂದೆ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ನಾಯಕರು ಗಾಬರಿಯಾಗಿ ನೀರು ತರಿಸಿದರು. "ಎಂತಾಯ್ತು ಮಾರಾಯ್ರೆ? ಇದರಲ್ಲಿ ಅಳುವಂಥದ್ದು ಎಂತ ಉಂಟು?"

"ಬರಕೋರಿ ಸಾಹೇಬ್ರ," ಎಂದಳು ಅವಳು ಮೂಗು ಒರೆಸಿಕೊಂಡು. "ಸಂಬಂಧ ಐತಿ. ಈಕಿ ನಮ್ಮಣ್ಣನ ಹೆಂಡತಿ. ಆ ಎಮ್ಮಿ ನಮ್ಮನಿದು, ಆ ಒಡಪು ನಮ್ಮವ್ವಂದು. ನಮ್ಮನಿಯವರನ ಬಿಟ್ಟರ ಯಾರಿಗೂ ಗೊತ್ತಿಲ್ಲ."

ನಾಯಕರು ಇಬ್ಬರ ಮುಖವನ್ನೂ ಒಂದು ಗಳಿಗೆ ನೋಡಿದರು. ಅವರ ವೃತ್ತಿಯಲ್ಲಿ ನಿಜ ಸುಳ್ಳು ಕಾಗದಕ್ಕಿಂತ ಮುಖದಲ್ಲೇ ಬೇಗ ಕಾಣುತ್ತದೆ. ಅದಲ್ಲದೆ, ಒಂದು ಗಳಿಗೆಯ ಹಿಂದೆ ಗೊತ್ತಿಲ್ಲ ಎಂದು ನಿಜ ಹೇಳಿ ಕೆಲಸ ಕೆಡಿಸಿಕೊಂಡವಳು ಈಗ ಸುಳ್ಳು ಹೇಳುತ್ತಾಳೆಯೇ? ಅವರು ಪೆನ್ನಿನ ಟೋಪಿ ತೆಗೆದರು.

"ಎಷ್ಟು ವರ್ಷದಿಂದ ಸಂಬಂಧ ಅಂತ ಬರೀಲಿ?"

"ಮೂವತ್ತ ವರ್ಸ ಆತ್ರಿ. ಬಾಗಿಲಾ ತೆಗಿಯೂದು ನಂದು ತಡ ಆತು."

ಪೆಡ್ನೇಕರ್ ಮಸಿಯ ಡಬ್ಬಿ ತಂದ. ಮಲ್ಲವ್ವ ಎಂಥ ಜೋರಿನಿಂದ ಒತ್ತಿದಳೆಂದರೆ ಮೊದಲನೆಯ ಗುರುತು ಮಸಿ ಕಲೆಸಿ ಮುದ್ದೆಯಾಯಿತು. ಎರಡನೆಯ ಫಾರಂ ತರಬೇಕಾಯಿತು. ಅದರ ಕೆಳಗೆ ಮಾ ಖಿನ್ ತನ್ನ ಬರ್ಮಾ ಅಕ್ಷರದಲ್ಲಿ, ದುಂಡು ದುಂಡಾಗಿ ಸಹಿ ಹಾಕಿದಳು. ಸಂಜೆಯೊಳಗೆ ಪೊಲೀಸ್ ಕಚೇರಿಗೆ ಕೊಡುವ ಕಾಗದ ಸಿದ್ಧವಾಗುತ್ತದೆ, ಬಂದು ಒಯ್ಯಿರಿ ಎಂದರು ನಾಯಕರು.

ಬ್ಯಾಂಕಿನಿಂದ ಹೊರಗೆ ಬಂದು ಇಬ್ಬರೂ ಚಾಳಿನ ದಾರಿ ಹಿಡಿದರು. ರೈಲಿನ ಗೇಟು ಹಾಕಿತ್ತು. ಲೋಕಲ್ ಹೋಗುವತನಕ ನಿಂತಿದ್ದಾಗ ಮಲ್ಲವ್ವನಿಗೆ ತಡೆಯಲಾಗಲಿಲ್ಲ.

"ಅಲ್ಲಬೇ, ಇದನ್ನ ಮೊದಲನೇ ದಿನಾನ ಹೇಳಿದ್ದರ ಏನ್ ಗಂಟ ಹೋಗತಿತ್ತು ನಿಂದು? ನಾಕ ತಿಂಗಳ ನನ್ನ ಜೀವಾ ತಿಂದಿ!"

"ನೀ ಕೇಳಲಿಲ್ಲ," ಎಂದಳು ಮಾ ಖಿನ್. "ಆಂವ ಹೇಳಿದ್ದ. ನನ್ನ ತಂಗಿ ಬಾಗಿಲಾಗ ಕೈ ಅಡ್ಡ ಹಿಡೀತಾಳ, ಹೆಸರ ಕೇಳತಾಳ, ಆವಾಗ ಹೇಳು ಅಂತ. ಕೇಳದ ಹೇಳಬಾರದು ಅಂತ. ನೀ ಯಾರು ಅಂತ ಕೇಳಿದಿ, ಹೇಳಿದೆ. ಆತನ ಹೆಸರ ಕೇಳಲಿಲ್ಲ. ನಾ ದಿನಾ ಕಾಯತಿದ್ದೆ. ಇವತ್ತ ಆ ಸಾಹೇಬ್ರು ಕೇಳಿದರು."

ಪ್ರತಿವರ್ಷ ಮದುವೆಯ ದಿನ ಪರಪ್ಪ ತಮ್ಮ ಕ್ವಾರ್ಟರ್ಸಿನ ಬಾಗಿಲಿಗೆ ತಾನೇ ಅಡ್ಡ ನಿಂತು, ಹೆಣ್ಣು ದನಿ ಮಾಡಿ ಹೆಸರು ಕೇಳುತ್ತಿದ್ದನಂತೆ. ತಪ್ಪಿದರೆ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದನಂತೆ. ರಿಟೈರ್ ಆದ ಮೇಲೆ ಇಬ್ಬರೂ ಹೋಗೋಣ, ನಿಜವಾದ ನಾದಿನಿ ಅಲ್ಲಿದ್ದಾಳೆ ಎನ್ನುತ್ತಿದ್ದನಂತೆ. ಇದನ್ನು ಕೇಳುವಾಗ ಲೋಕಲ್ ಧಡಧಡ ಹೋಯಿತು. ಮಲ್ಲವ್ವ ಕಣ್ಣಿಗೆ ಧೂಳು ಬಿತ್ತೆಂದು ಸೆರಗಿನಿಂದ ಒರೆಸಿಕೊಂಡಳು.

ಪಿಂಟೋ ಚಾಳು ತಲುಪಿದಾಗ ಊಟದ ಸಾಲು ಆಗಲೇ ಕೂತಿತ್ತು. ಮಲ್ಲವ್ವ ದಡದಡನೆ ಮುಂದೆ ಹೋಗಿ, ಹೊಸ್ತಿಲು ದಾಟಿ, ತಿರುಗಿ ನಿಂತು, ಬಾಗಿಲ ಎರಡೂ ಕಡೆ ಕೈ ಚಾಚಿ ಅಡ್ಡ ಹಿಡಿದಳು. ಹೆಬ್ಬೆರಳಿಗೆ ಮಸಿ ಇನ್ನೂ ಹಾಗೇ ಇತ್ತು.

"ನಮ್ಮಣ್ಣನ ಹೆಸರ ಹೇಳು," ಎಂದಳು. "ಹೇಳಿದರ ಒಳಗ ಬಿಡತೀನಿ."

ಅಂಬವ್ವ ಓಡಿ ಬಂದಳು. "ಮಲ್ಲವ್ವ, ನಿನಗ ತಲಿ ನೆಟ್ಟಗ ಐತೇನ? ಗಂಡ ಇಲ್ಲದಾಕಿ ಕಡಿಂದ ಒಡಪ ಹೇಳಸತಾರೇನ?"

"ನೀ ಸುಮ್ಮನಿರ ಯವ್ವಾ," ಎಂದಳು ಮಲ್ಲವ್ವ ಕೈ ಇಳಿಸದೆ. "ಈಕಿ ಮನಿ ತುಂಬಸಕೊಳ್ಳೂದ ಇವತ್ತ."

ಮಾ ಖಿನ್ ಶಾಲು ತಲೆಗೆ ಎಳೆದುಕೊಂಡು ಒಂಟಿ ಕೋಡಿನ ಎಮ್ಮೆಗೆ ಮತ್ತೆ ಗಂಟೆ ಕಟ್ಟಿದಳು. ಈ ಸಲ ದನಿ ಗಟ್ಟಿಯಾಗಿತ್ತು. ಮಲ್ಲವ್ವ ಕೈ ತೆಗೆಯಲಿಲ್ಲ. ಕೇಳಿಸಲಿಲ್ಲ, ಇನ್ನೊಮ್ಮೆ ಎಂದಳು. ಕೇಳಿಸಿರಲಿಲ್ಲವೆಂದಲ್ಲ, ಅವ್ವ ಸತ್ತ ಮೇಲೆ ಆ ಮಾತನ್ನು ಇನ್ನೊಬ್ಬರ ಬಾಯಲ್ಲಿ ಅವಳು ಕೇಳಿದ್ದು ಅವತ್ತೇ. ಮಾ ಖಿನ್ ಮೂರನೆಯ ಸಲವೂ ಹೇಳಿದಳು. ಒಳಗೆ ಹಸಿದವರು ತಾಟು ಬಡಿಯತೊಡಗಿದರು. ಮುರಿಗೆಪ್ಪನಂತೂ ವಾಸಿಯಾದ ಕೈಯಿಂದಲೇ ಬಡಿದ.

ಮಲ್ಲವ್ವ ಕೈ ಇಳಿಸಿದಳು.

"ಬಲಗಾಲ ಇಟ್ಟು ಬಾ, ವೈನಿ," ಎಂದಳು. "ರೊಟ್ಟಿ ಆರತಾವ."